ಚೀನಾ ನೂಲಿಗೆ ಸುಂಕ: ಕೊರಿಯಾಕ್ಕೆ ಒಲಿದದ್ದು ನಮಗೇಕೆ ಒಲಿಯಲಿಲ್ಲ?

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ ನನ್ನವು ಎಂಟು ವಿದ್ಯುತ್ ಮಗ್ಗ ಇವೆ. ನಮ್ಮಣ್ಣ ಶಿಡ್ಲಘಟ್ಟದ ಕಡೆ ಎರಡು ಎಕರೆ ಹಿಪ್ಪುನೇರಳೆ ಹಾಕಿ ಗೂಡು ಬೆಳೆಯುತ್ತಾನೆ. ಹಬ್ಬಕ್ಕೆ ಸೇರಿದಾಗಲೆಲ್ಲ ಒಂದೇ ವಾದ. ಚೀನಾ ರೇಷ್ಮೆಗೆ ಸುಂಕ ಇನ್ನೂ ಏರಿಸಬೇಕು ಅಂತ ಅವನು, ಪೂರ್ತಿ ತೆಗೆಯಬೇಕು ಅಂತ ನಾನು. ಈ ಸಲ ಅವನು, "ಕೊರಿಯಾದವರು ಸುಂಕ ಹಾಕಿಯೇ ಹ್ಯುಂಡೈ ಕಟ್ಟಿದ್ದು" ಅಂದ. "ನಾವೂ ನಲವತ್ತು ವರ್ಷ ಹಾಕಿದ್ವಲ್ಲ, ನಾವೇನು ಕಟ್ಟಿದ್ವಿ?" ಅಂತ ನಾನು ಕೇಳಿದೆ. ಇಬ್ಬರಿಗೂ ಮುಂದಕ್ಕೆ ಮಾತು ಹೊರಡಲಿಲ್ಲ. ಯಾರದು ಸರಿ ಸಾರ್?

ಉತ್ತರ: ಕೊರಿಯಾಕ್ಕೆ ಹೋಗುವ ಮೊದಲು ನಿಮ್ಮ ಮನೆಯ ಲೆಕ್ಕವನ್ನೇ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ಒಂದು ತುಂಡು ರೇಷ್ಮೆ ಬಟ್ಟೆಗೆ ಹೊರದೇಶದ ಮಾರುಕಟ್ಟೆಯಲ್ಲಿ 100 ರೂಪಾಯಿ ಅಂತಿಟ್ಟುಕೊಳ್ಳಿ. ಅದರಲ್ಲಿ ನೂಲಿನ ಬೆಲೆಯೇ 60. ಉಳಿದ 40ರಲ್ಲಿ ನಿಮ್ಮ ಕೂಲಿ, ಕರೆಂಟು, ಬಡ್ಡಿ, ಲಾಭ ಎಲ್ಲವೂ ಆಗಬೇಕು. ನೂಲಿಗೆ ಶೇ. 15 ಸುಂಕ ಬಿತ್ತು ಅನ್ನಿ. 60 ಹೋಗಿ 69 ಆಯಿತು, ನಿಮಗೆ ಉಳಿದದ್ದು 31. ಸುಂಕ ಶೇ. 15, ಆದರೆ ನಿಮ್ಮ ಗಳಿಕೆಯಲ್ಲಿ ಕೊಚ್ಚಿಹೋದದ್ದು ಶೇ. 22ಕ್ಕಿಂತ ಹೆಚ್ಚು. ನೀವು ಗಲಾಟೆ ಮಾಡಿದ್ದಕ್ಕೆ ಸರ್ಕಾರ ಬಟ್ಟೆಯ ಮೇಲೂ ಶೇ. 20 ಸುಂಕ ಹಾಕಿತು ಅನ್ನಿ. ಈಗ ಊರೊಳಗೆ 120ಕ್ಕೆ ಮಾರಬಹುದು, ಕೈಯಲ್ಲಿ 51 ಉಳಿಯುತ್ತದೆ. ಅಣ್ಣನಿಗೂ ಖುಷಿ, ನಿಮಗೂ ಖುಷಿ. ಆದರೆ ಅದೇ ಬಟ್ಟೆಯನ್ನು ದುಬೈಗೆ ಕಳಿಸಿದರೆ ಅಲ್ಲಿಯವನು ಕೊಡುವುದು 100 ಮಾತ್ರ. ನಿಮ್ಮ ಕೈಗೆ 31. ಹಾಗಿದ್ದ ಮೇಲೆ ಹೊರಗೆ ಮಾರಲು ನಿಮಗೇನು ಹುಚ್ಚೇ?

ಸುಂಕ ಹಾಕಿದರೆ ಉದ್ಯಮ ಬೆಳೆಯುತ್ತದೋ ಇಲ್ಲವೋ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಬೆಳೆಯುವ ಉದ್ಯಮ ಯಾವ ಕಡೆ ಮುಖ ಮಾಡುತ್ತದೆ ಎಂಬುದನ್ನು ಹೇಳುತ್ತದೆ. 51 ಸಿಗುವ ಕಡೆಗೆ ಮುಖ, 31 ಸಿಗುವ ಕಡೆಗೆ ಬೆನ್ನು. ನಮ್ಮ ದೇಶದ ಉದ್ಯಮ ನಲವತ್ತು ವರ್ಷ ನಿಂತದ್ದೇ ಹೀಗೆ. ಕೊರಿಯಾದವರೂ ಸುಂಕದ ಗೋಡೆ ಕಟ್ಟಿದರು, ಆದರೆ ಈ 31ನ್ನು ಹಾಗೇ ಬಿಡಲಿಲ್ಲ. ನಿಮ್ಮಣ್ಣ ಹೇಳಿದ ಕತೆಯ ಅರ್ಧ ನಿಜ. ಬಿಟ್ಟುಹೋದ ಅರ್ಧ ಇದು.

ದಕ್ಷಿಣ ಕೊರಿಯಾದಲ್ಲಿ ಪಾರ್ಕ್ ಚುಂಗ್ ಹೀ ಎಂಬ ಸೇನಾಧಿಕಾರಿ 1961ರಲ್ಲಿ ಅಧಿಕಾರ ಕಿತ್ತುಕೊಂಡ. ಅಮೆರಿಕದ ನೆರವಿನ ಮೇಲೆ ಬದುಕುತ್ತಿದ್ದ ಬಡ ದೇಶ ಅದು. 1964ರಲ್ಲಿ ಅಲ್ಲಿನ ಹಣದ ಬೆಲೆ ಇಳಿಸಿದರು: ಡಾಲರಿಗೆ 130 ವಾನ್ ಇದ್ದದ್ದು 255 ಆಯಿತು. ಅದೇ ವರ್ಷ ರಫ್ತು 10 ಕೋಟಿ ಡಾಲರ್ ಮುಟ್ಟಿತು. ಆ ಸಂಭ್ರಮಕ್ಕೆ ನವೆಂಬರ್ 30ನ್ನು ರಫ್ತು ದಿನ ಎಂದು ಆಚರಿಸತೊಡಗಿದರು. 1977ಕ್ಕೆ ಆ 10 ಕೋಟಿ 1,000 ಕೋಟಿ ಡಾಲರ್ ಆಗಿತ್ತು. ಅಂದಹಾಗೆ, ಆ ಆರಂಭದ ವರ್ಷಗಳಲ್ಲಿ ಕೊರಿಯಾ ಹೊರಗೆ ಮಾರುತ್ತಿದ್ದ ಮುಖ್ಯ ಸರಕುಗಳಲ್ಲಿ ಪ್ಲೈವುಡ್, ವಿಗ್‌ಗಳ ಜೊತೆಗೆ ನಿಮ್ಮ ಕಚ್ಚಾ ರೇಷ್ಮೆಯೂ ಇತ್ತು.

ನಡುವೆ ನಡೆದದ್ದೇನು? ತಿಂಗಳಿಗೊಮ್ಮೆ ಅಧ್ಯಕ್ಷನೇ ಕೂತು ರಫ್ತು ಸಭೆ ನಡೆಸುತ್ತಿದ್ದ. ಯಾವ ಸರಕು, ಯಾವ ದೇಶಕ್ಕೆ, ಎಷ್ಟು ಎಂದು ಗುರಿ ಗೊತ್ತುಮಾಡಿ, ಮುಟ್ಟದಿದ್ದರೆ ಯಾಕೆ ಎಂದು ಎದುರಿಗೇ ಕೇಳುತ್ತಿದ್ದರು. ಬ್ಯಾಂಕುಗಳು ಸರ್ಕಾರದ ಮುಷ್ಟಿಯಲ್ಲಿದ್ದವು. ಸಾಮಾನ್ಯ ಸಾಲಕ್ಕೆ ಬಡ್ಡಿ ಶೇ. 20 ದಾಟಿದ್ದಾಗ ರಫ್ತು ಆರ್ಡರ್ ತೋರಿಸಿದವನಿಗೆ ಶೇ. 6ರ ಆಸುಪಾಸಿನಲ್ಲಿ ಸಾಲ ಸಿಗುತ್ತಿತ್ತು. ರಫ್ತಿಗೆ ಬೇಕಾದ ಕಚ್ಚಾ ಮಾಲಿಗೆ ಆಮದು ಸುಂಕ ಇರಲಿಲ್ಲ. ಇದರಲ್ಲೊಂದು ಚಾಣಾಕ್ಷ ಏರ್ಪಾಡಿತ್ತು. ನೇಯುವಾಗ ಸ್ವಲ್ಪ ನೂಲು ಹಾಳಾಗುತ್ತದಲ್ಲ, ಆ ಹಾಳಿನ ಲೆಕ್ಕದಲ್ಲಿ ಸರ್ಕಾರ ಬೇಕೆಂದೇ ಧಾರಾಳವಾಗಿ ಹೆಚ್ಚು ಮಾಲು ಸುಂಕವಿಲ್ಲದೆ ತರಲು ಬಿಡುತ್ತಿತ್ತು. ಉಳಿದದ್ದನ್ನು ರಫ್ತುದಾರ ಗೋಡೆಯೊಳಗಿನ ದುಬಾರಿ ಬೆಲೆಗೆ ಮಾರಿ ಲಾಭ ಮಾಡಿಕೊಳ್ಳುತ್ತಿದ್ದ. ಅಂದರೆ ಗೋಡೆಯ ಲಾಭವೇ ಹೊರಗೆ ಮಾರಿದವನಿಗೆ ಬಹುಮಾನ. 31 ಮತ್ತು 51ರ ನಡುವಿನ ಹಳ್ಳವನ್ನು ಮುಚ್ಚಿದ್ದು ಹೀಗೆ.

ಗೋಡೆಯಂತೂ ಗಟ್ಟಿಯಾಗೇ ಇತ್ತು. ಜಪಾನಿನ ಕಾರುಗಳನ್ನು ಕೊರಿಯಾ 1999ರವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ ಗೋಡೆಯೊಳಗೆ ಕೂತವರಿಗೆ ನಿದ್ದೆ ಇರಲಿಲ್ಲ. 1960ರ ದಶಕದ ಕೊನೆಗೆ ಅಲ್ಲಿನ ಕಾರು ಮಾರುಕಟ್ಟೆಯ ದೊರೆ ಹ್ಯುಂಡೈ ಅಲ್ಲ, ಟೊಯೋಟಾ ಬಿಡಿಭಾಗ ತಂದು ಜೋಡಿಸುತ್ತಿದ್ದ ಶಿನ್‌ಜಿನ್ ಎಂಬ ಕಂಪನಿ. ಅದು ಸೋತಾಗ ಅದರ ಮಾಲೀಕರನ್ನು ಸರ್ಕಾರ ಎತ್ತಿ ನಿಲ್ಲಿಸಲಿಲ್ಲ. ಅದರ ಪಾಲು 1976ರಲ್ಲಿ ಸರ್ಕಾರಿ ಬ್ಯಾಂಕಿಗೆ ಹೋಗಿ, ಮುಂದೆ ದೇವೂ ಎಂಬ ಉದ್ಯಮ ಸಮೂಹದ ಕೈಸೇರಿತು. ಹ್ಯುಂಡೈ 1975ರ ಕೊನೆಗೆ ಪೋನಿ ಎಂಬ ಸ್ವಂತ ಕಾರು ತಯಾರಿಸತೊಡಗಿ, ಮರು ವರ್ಷವೇ ದಕ್ಷಿಣ ಅಮೆರಿಕದ ಈಕ್ವೆಡಾರ್‌ಗೆ ಕಳಿಸಿತು. ಒಂದೇ ವರ್ಷಕ್ಕೆ ರಫ್ತು! ಕಾರು ಅಷ್ಟೇನೂ ಚೆನ್ನಾಗಿರಲಿಲ್ಲ. ಹಾಗಿದ್ದೂ ಕಳಿಸಿದರು, ಯಾಕೆಂದರೆ ಎಲ್ಲಿ ಕೆಡುತ್ತದೆ ಎಂದು ಮುಲಾಜಿಲ್ಲದೆ ಹೇಳುವವನು ಹೊರಗಿನ ಗಿರಾಕಿ ಮಾತ್ರ. ರಫ್ತನ್ನು ಡಾಲರ್ ತರುವ ದಾರಿ ಅಂತಷ್ಟೇ ನಾವು ತಿಳಿದೆವು. ಕೊರಿಯಾದವರಿಗೆ ಅದು ಪರೀಕ್ಷೆಯ ಹಾಲ್. ರಾಜಧಾನಿ ಸಿಯೋಲ್‌ನಲ್ಲಿ ನಡೆಯುವ ಶಿಫಾರಸು ಈಕ್ವೆಡಾರ್‌ನಲ್ಲಿ ನಡೆಯುವುದಿಲ್ಲ.

ಇನ್ನು ನಮ್ಮ ಕಡೆ. 1951ರ ಕೈಗಾರಿಕಾ ಕಾಯ್ದೆಯಡಿ ಕಾರ್ಖಾನೆ ತೆಗೆಯಲು ಲೈಸೆನ್ಸ್, ಹಿಗ್ಗಿಸಲು ಲೈಸೆನ್ಸ್. ಲೈಸೆನ್ಸ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತಯಾರಿಸಿದರೆ ಅದೇ ಅಪರಾಧ. ಕೊರಿಯಾದಲ್ಲಿ ಗುರಿಗಿಂತ ಕಡಿಮೆ ಮಾಡಿದವನಿಗೆ ನಡುಕ, ಇಲ್ಲಿ ಹೆಚ್ಚು ಮಾಡಿದವನಿಗೆ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ನಿಮ್ಮ ತಂದೆಯವರಿಗೆ ನೆನಪಿರಬೇಕು. ಗಿರಾಕಿಯೇ ಸಾಲಿನಲ್ಲಿ ನಿಂತಿರುವಾಗ ಮಾಲು ಸುಧಾರಿಸುವ ದರ್ದು ಯಾರಿಗೆ?

ನಮ್ಮವರಿಗೆ ಕೈ ಬರಲಿಲ್ಲ ಅಂತ ಮಾತ್ರ ತಿಳಿಯಬೇಡಿ. ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಸ್ವಿಸ್ ಕಂಪನಿಯ ನೆರವಿನಿಂದ ಯಂತ್ರ ತಯಾರಿಸುವ ಯಂತ್ರಗಳನ್ನೇ ಮಾಡತೊಡಗಿತ್ತು. ಆಗ ಕೊರಿಯಾ ಯುದ್ಧದ ಬೂದಿಯಲ್ಲಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಗಡಿಯಾರ ಶುರುವಾಯಿತು. ನನ್ನ ತಂದೆಯ ಎಚ್‌ಎಂಟಿ ಜನತಾ ಇವತ್ತಿಗೂ ಕೀಲಿ ಕೊಟ್ಟರೆ ನಡೆಯುತ್ತದೆ. ಆ ಕಾರ್ಖಾನೆಯಲ್ಲಿ ಪಳಗಿದ ಕೈಗಳೇ ಪೀಣ್ಯದ ಎಷ್ಟೋ ಸಣ್ಣ ಘಟಕಗಳನ್ನು ಕಟ್ಟಿದವು ಎಂಬುದನ್ನು ಸುಂಕದ ವಿರೋಧಿಗಳು ಮರೆಯುತ್ತಾರೆ. ಆದರೆ ಹೊಸೂರಿನಲ್ಲಿ ಟೈಟಾನ್ ಎದ್ದು ಕ್ವಾರ್ಟ್ಜ್ ಗಡಿಯಾರಗಳನ್ನು ಅಂಗಡಿಗೆ ತಂದಾಗ ಎಚ್‌ಎಂಟಿಗೆ ಎದುರಾಳಿ ಎಂಬುದರ ಅಭ್ಯಾಸವೇ ಇರಲಿಲ್ಲ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿಯ ಗಡಿಯಾರ ಕಂಪನಿ ಮುಚ್ಚಲು ಒಪ್ಪಿತು. ಗಮನಿಸಿ, ಅದನ್ನು ಸೋಲಿಸಿದ್ದು ಆಮದು ಮಾಲು ಅಲ್ಲ, 40 ಕಿಲೋಮೀಟರ್ ಆಚೆಯ ಹೊಸೂರು.

ಹಾಗಾದರೆ ಕೊರಿಯಾವನ್ನು ಹಾಗೇ ನಕಲು ಮಾಡೋಣವೇ? ಬೇಡ. 1970ರ ನವೆಂಬರ್‌ನಲ್ಲಿ ಸಿಯೋಲ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಜಿಯಾನ್ ತೇ ಇಲ್ ಎಂಬ 22ರ ಹುಡುಗ, ಕಾರ್ಮಿಕ ಕಾಯ್ದೆಯನ್ನು ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಅಲ್ಲಿನ ಅಗ್ಗದ ಅಂಗಿಯ ಹಿಂದೆ ಇಂಥ ಹೊಲಿಗೆ ಕೋಣೆಗಳಿದ್ದವು. ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಬಿಡದ ಸರ್ಕಾರ ಅದು. ಅಲ್ಲಿನ ಬುನಾದಿಯೂ ಬೇರೆ: ಅದಕ್ಕೂ ಮೊದಲೇ ಭೂಸುಧಾರಣೆ ನಡೆದು ಜಮೀನ್ದಾರರ ಸೊಂಟ ಮುರಿದಿತ್ತು, ಮಕ್ಕಳೆಲ್ಲ ಶಾಲೆಯಲ್ಲಿದ್ದರು. 1973ರಲ್ಲಿ ಉಕ್ಕು, ಹಡಗು, ರಸಾಯನಗಳಿಗೆ ಒಮ್ಮೆಲೇ ಹಣ ಸುರಿದ ಯೋಜನೆ ಗೆದ್ದಿತೋ ದುಂದಾಯಿತೋ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ಜಗಳವಾಡುತ್ತಾರೆ. ಪೋಹಾಂಗ್ ಉಕ್ಕು ಕಾರ್ಖಾನೆಗೆ ವಿಶ್ವಬ್ಯಾಂಕ್ ಒಲ್ಲೆ ಎಂದಾಗ ಜಪಾನ್ ತನ್ನ ಹಳೆಯ ಆಳ್ವಿಕೆಗೆ ಪರಿಹಾರವೆಂಬಂತೆ ಕೊಟ್ಟ ಹಣದಲ್ಲಿ ಕಟ್ಟಿ, 1973ರಲ್ಲಿ ಕುಲುಮೆ ಹೊತ್ತಿಸಿ ಗೆದ್ದರು. 1980ರಲ್ಲಿ ಅದೇ ದೇಶದ ಆರ್ಥಿಕತೆ ಕುಗ್ಗಿತು, 1997ರಲ್ಲಿ ಸಾಲದ ಭಾರಕ್ಕೆ ದೊಡ್ಡ ದೊಡ್ಡ ಕಂಪನಿಗಳು ಮಗುಚಿದವು. ನನ್ನ ಮಟ್ಟಿಗೆ, ಕೊರಿಯಾದಿಂದ ಎತ್ತಿಕೊಳ್ಳಬೇಕಾದದ್ದು ಉಕ್ಕಿನ ಕುಲುಮೆಯಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವ ಧೈರ್ಯ.

ದೊಡ್ಡ ಬಂಡವಾಳ ಇಲ್ಲದೆ ಬರೀ ಒಂದು ಕಿಂಡಿ ತೆರೆದು ಏನು ಮಾಡಬಹುದು ಎಂಬುದಕ್ಕೆ ಬಾಂಗ್ಲಾದೇಶವಿದೆ. ದೇಶ್ ಎಂಬ ಗಾರ್ಮೆಂಟ್ಸ್ ಕಂಪನಿ 1979ರಲ್ಲಿ 130 ಜನರನ್ನು ಕೊರಿಯಾದ ಬುಸಾನ್‌ಗೆ ದೇವೂ ಕಾರ್ಖಾನೆಯಲ್ಲಿ ಕಲಿಯಲು ಕಳಿಸಿತು. ಕೊರಿಯಾದ ಬಟ್ಟೆಗೆ ಶ್ರೀಮಂತ ದೇಶಗಳು ಕೋಟಾ ಹಾಕಿದ್ದವು, ದೇವೂಗೆ ಕೋಟಾ ಇಲ್ಲದ ನೆಲ ಬೇಕಿತ್ತು. ಕಲಿತು ಬಂದವರಲ್ಲಿ ಬಹುತೇಕರು ಕೆಲವೇ ವರ್ಷಗಳಲ್ಲಿ ಹೊರಬಿದ್ದು ಬೇರೆ ಬೇರೆ ಕಾರ್ಖಾನೆಗಳನ್ನು ಕಟ್ಟಿದರು, ನಡೆಸಿದರು. ಸರ್ಕಾರ ಕೊಟ್ಟ ಮುಖ್ಯ ಅನುಕೂಲ ಎರಡು. ಒಂದು ಬಾಂಡೆಡ್ ಗೋದಾಮು: ರಫ್ತಿಗೆಂದು ತಂದ ಬಟ್ಟೆಯನ್ನು ಸುಂಕ ಕಟ್ಟದೆ ಬೀಗ ಹಾಕಿದ ಗೋದಾಮಿನಲ್ಲಿಟ್ಟು, ಹೊಲಿದು, ಹಡಗಿಗೆ ಹಾಕುವುದು. ಇನ್ನೊಂದು ಎಲ್‌ಸಿ (ಮಾಲಿಗೆ ಹಣ ಕೊಡುತ್ತೇನೆಂದು ಬ್ಯಾಂಕ್ ಬರೆದುಕೊಡುವ ಖಾತರಿ ಪತ್ರ) ಮೇಲೆ ಎಲ್‌ಸಿ: ಅಮೆರಿಕದ ಗಿರಾಕಿ ಬ್ಯಾಂಕ್ ಮೂಲಕ ಕೊಟ್ಟ ಎಲ್‌ಸಿಯನ್ನೇ ಅಡವಿಟ್ಟು ಬಟ್ಟೆ ಮಾರುವವನಿಗೆ ಎಲ್‌ಸಿ ತೆರೆಯುವುದು. ಕೈಯಿಂದ ಹಣ ಹಾಕದೆ ಕಾರ್ಖಾನೆ ನಡೆಯುತ್ತದೆ. ದೇಶದ ಸುತ್ತ ಎತ್ತರದ ಗೋಡೆ ಇದ್ದಂತೆಯೇ ಇತ್ತು, ಈ ಒಂದು ಕಿಂಡಿ ಮಾತ್ರ ತೆರೆದಿತ್ತು. ಇಂದು ಆ ದೇಶದ ರಫ್ತಿನಲ್ಲಿ ಶೇ. 80ಕ್ಕಿಂತ ಹೆಚ್ಚು ಸಿದ್ಧ ಉಡುಪು. ಕಿಂಡಿ ಸಿಗದ ಉಳಿದ ಉದ್ಯಮಗಳು ಗೋಡೆಯೊಳಗೇ ಉಳಿದವು ಎಂಬುದೂ ಅದೇ ಅಂಕಿಯಲ್ಲಿದೆ.

ಈಗ ರೇಷ್ಮೆಗೆ ಬರೋಣ. ನಿಮ್ಮಣ್ಣನಿಗೆ ಹೇಳಬೇಕಾದ ಕತೆ ಕೊರಿಯಾದ್ದಲ್ಲ, ಜಪಾನಿನದು.

ಕ್ಯೋಟೋ ನಗರದ ನಿಶಿಜಿನ್ ಎಂಬ ನೇಕಾರರ ಪೇಟೆ ಕಿಮೋನೋ ಬಟ್ಟೆಗೆ, ರೇಷ್ಮೆ ನೆಕ್‌ಟೈಗೆ ಹೆಸರಾದದ್ದು. ಚೀನಾ, ಕೊರಿಯಾದಿಂದ ಅಗ್ಗದ ಕಚ್ಚಾ ರೇಷ್ಮೆ ಬರತೊಡಗಿದಾಗ ಗೂಡು ಬೆಳೆಯುವ ರೈತರನ್ನು ಉಳಿಸಲು ಜಪಾನ್ ಸರ್ಕಾರ 1974ರಲ್ಲಿ ಒಂದು ಕಟ್ಟಪ್ಪಣೆ ಮಾಡಿತು: ಕಚ್ಚಾ ರೇಷ್ಮೆಯನ್ನು ಸರ್ಕಾರಿ ಸಂಸ್ಥೆಯೊಂದೇ ಆಮದು ಮಾಡಬೇಕು, ಒಳಗಿನ ಬೆಲೆ ಬೀಳದಂತೆ ಬಿಡುಗಡೆ ಮಾಡಬೇಕು. ತಾತ್ಕಾಲಿಕ ಅಂದದ್ದು 1976ರಲ್ಲಿ ಕಾನೂನಾಗಿ ಕೂತಿತು. ನಿಶಿಜಿನ್‌ನ ನೆಕ್‌ಟೈ ನೇಕಾರರು ಹೊರಗಿನ ಬೆಲೆಯ ಸುಮಾರು ಎರಡರಷ್ಟು ಕೊಟ್ಟು ನೂಲು ಕೊಳ್ಳಬೇಕಾಯಿತು. ಆದರೆ ನೇಯ್ದ ಬಟ್ಟೆ, ಸಿದ್ಧ ಟೈಗಳು ವಿದೇಶದಿಂದ ಸರಾಗವಾಗಿ ಬರುತ್ತಲೇ ಇದ್ದವು. ಮೊದಲ ಲೆಕ್ಕದ 31 ನೆನಪಾಯಿತೇ? ನೇಕಾರರು ಸರ್ಕಾರದ ಮೇಲೇ ಪರಿಹಾರದ ದಾವೆ ಹೂಡಿದರು. 1984ರಲ್ಲಿ ಕ್ಯೋಟೋ ನ್ಯಾಯಾಲಯದಲ್ಲಿ ಸೋತರು, 1990ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಇಂಥ ಕಾನೂನು ಮಾಡುವುದು ಸಂಸತ್ತಿಗೆ ಬಿಟ್ಟದ್ದು ಎಂಬುದು ತೀರ್ಪಿನ ಸಾರ.

ಸರಿ, ನೇಕಾರ ಸೋತರೂ ರೈತನಾದರೂ ಗೆದ್ದನೇ? 1930ರ ಸುಮಾರಿಗೆ ಜಪಾನಿನಲ್ಲಿ 20 ಲಕ್ಷಕ್ಕೂ ಹೆಚ್ಚು ಕುಟುಂಬಗಳು ರೇಷ್ಮೆಹುಳು ಸಾಕುತ್ತಿದ್ದವು. ಈಗ ಇನ್ನೂರು ಕುಟುಂಬವೂ ಇಲ್ಲ. ಕೂಲಿ ಏರಿತು, ಮಕ್ಕಳು ಪಟ್ಟಣ ಸೇರಿದರು, ಜನ ಕಿಮೋನೋ ಬಿಟ್ಟರು. ಆಮದಿನ ಬೇಲಿ ಇದ್ಯಾವುದನ್ನೂ ತಡೆಯಲಿಲ್ಲ. ಗೂಡು ಕೊಳ್ಳುವವನು ನೂಲು ಬಿಚ್ಚುವ ರೀಲರ್, ರೀಲರನ ನೂಲು ಕೊಳ್ಳುವವನು ನೇಕಾರ. ಕೊನೆಯ ಕೊಂಡಿ ಕಳಚಿದ ಮೇಲೆ ಮೊದಲ ಕೊಂಡಿಗೆ ಎಷ್ಟು ಬೇಲಿ ಹಾಕಿದರೇನು?

ನಮ್ಮಲ್ಲೂ ಇದೇ ತೂಗುಯ್ಯಾಲೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಏಕಾಏಕಿ 5ಕ್ಕೆ ಇಳಿಸಿತು. ಆಗ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ಏನಾಯಿತೆಂದು ನಿಮ್ಮಣ್ಣನನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಡುವೆ ಬದಲಾಗಿ 10ಕ್ಕೆ ಬಂದಿದ್ದದ್ದನ್ನು 2021ರ ಬಜೆಟ್ 15ಕ್ಕೆ ಏರಿಸಿತು. ಏರಿಸಿದವರೂ ಇಳಿಸಿದವರೂ ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ: ಇದು ಎಷ್ಟು ವರ್ಷ, ಆ ವರ್ಷಗಳಲ್ಲಿ ಏನು ಬದಲಾಗಬೇಕು? ಒಂದೇ ರಾತ್ರಿಯಲ್ಲಿ 25 ಅಂಶ ಇಳಿಸುವುದು ಉದಾರೀಕರಣವಲ್ಲ, ರೈತನಿಗೆ ಕೊಟ್ಟ ಏಟು. ಗಡುವಿಲ್ಲದೆ ಏರಿಸುವುದು ಕೈಗಾರಿಕಾ ನೀತಿಯಲ್ಲ, ನೇಕಾರನ ಮೇಲೆ ಹಾಕಿದ ತೆರಿಗೆ.

ಬದಲಾಗಬೇಕಾದದ್ದು ಏನೆಂದು ನಿಮಗೆ ಗೊತ್ತೇ ಇದೆ. ವಿದ್ಯುತ್ ಮಗ್ಗದವರು ಚೀನಾ ನೂಲು ಕೇಳುವುದು ಬರೀ ಅಗ್ಗ ಅಂತಲ್ಲ. ಹಾಸಾಗಿ, ಅಂದರೆ ಮಗ್ಗದ ಉದ್ದ ಎಳೆಯಾಗಿ, ಹಾಕಿದರೆ ತುಂಡಾಗದು, ದಪ್ಪ ಒಂದೇ ಸಮ. ನಮ್ಮ ಮಿಶ್ರತಳಿ ಗೂಡಿನ ಚರಕದ ನೂಲು ಅಡ್ಡ ಎಳೆಯಾದ ಹೊಕ್ಕಿಗೆ ಸರಿ, ಓಡುವ ಮಗ್ಗದ ಬಿಗಿತಕ್ಕೆ ತಾಳದು. ತಾಳುವಂಥದ್ದು ದ್ವಿತಳಿ (ಬೈವೋಲ್ಟೈನ್) ಗೂಡನ್ನು ಸ್ವಯಂಚಾಲಿತ ಯಂತ್ರದಲ್ಲಿ ಬಿಚ್ಚಿದ ನೂಲು. ಇದಕ್ಕೆ ಬೇಕಾದ ಕೆಲಸದ ಬಹುಭಾಗ ಸುಂಕದ ಹಂಗಿಲ್ಲದೆಯೇ ನಡೆದಿದೆ. 1990ರ ದಶಕದಿಂದ ಜಪಾನ್ ಸರ್ಕಾರದ ನೆರವಿನಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆ ನಮ್ಮ ಬಿಸಿಲಿಗೆ ಹೊಂದುವ ದ್ವಿತಳಿಗಳನ್ನು ಬೆಳೆಸಿತು. ತನ್ನ ಮನೆಯಲ್ಲಿ ಸಾಯುತ್ತಿದ್ದ ವಿದ್ಯೆಯನ್ನು ಜಪಾನ್ ನಮಗೆ ದಾಟಿಸಿತು. ಜಪಾನೀಯರಿಂದ ಹುಳು ಸಾಕುವುದನ್ನು ಕಲಿತದ್ದು ಇದೇ ಮೊದಲೂ ಅಲ್ಲ. ಜಮ್‌ಶೆಡ್‌ಜಿ ಟಾಟಾ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಬೆಂಗಳೂರಿಗೆ ಜಪಾನೀ ತಜ್ಞರನ್ನು ಕರೆಸಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬಸವನಗುಡಿ ಕಡೆ ಇನ್ನೂ ಉಳಿದಿದೆ. ತಳಿ, ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರ, ಯಂತ್ರಕ್ಕೆ ಸಹಾಯಧನ, ಗುಣಮಟ್ಟ ನೋಡಿ ಗೂಡಿಗೆ ಬೆಲೆ ಕಟ್ಟುವುದು — ಇವೂ ಕೈಗಾರಿಕಾ ನೀತಿಯೇ. ಸುಂಕದ ಗದ್ದಲದಲ್ಲಿ ಇವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೊರಿಯಾದ ಕೋಲು ಇವತ್ತು ನಮ್ಮ ಕೈಗೆ ಸಿಗುವುದೂ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ "ರಫ್ತು ಮಾಡಿದರೆ ಮಾತ್ರ ಸಹಾಯಧನ" ಎನ್ನುವಂತಿಲ್ಲ. ತೀರಾ ಬಡ ದೇಶಗಳಿಗೆ ವಿನಾಯಿತಿ ಇದೆ, ನಾವು ಆ ಗೆರೆ ದಾಟಿದ್ದೇವೆ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ದೂರಿನ ಮೇಲೆ ನಮ್ಮ ಹಲವು ರಫ್ತು ಯೋಜನೆಗಳ ವಿರುದ್ಧ ಅಲ್ಲಿ ತೀರ್ಪು ಬಂತು. ಅದಕ್ಕೇ 2020ರಲ್ಲಿ ಬಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಪಿಎಲ್ಐ, ರಫ್ತಿನ ಮಾತೆತ್ತದೆ, ಹೆಚ್ಚುವರಿ ಮಾರಾಟದ ಮೇಲೆ ಹಣ ಕೊಡುತ್ತದೆ. 14 ವಲಯಗಳಿಗೆ 1.97 ಲಕ್ಷ ಕೋಟಿ ರೂಪಾಯಿ ಎತ್ತಿಟ್ಟರು. ಮೊಬೈಲ್‌ನಲ್ಲಿ ಅದು ಕೆಲಸ ಮಾಡಿತು. ಕೋಲಾರದ ನರಸಾಪುರ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆ ನಡೆಯುತ್ತಿದೆ. 2024-25ರಲ್ಲಿ ದೇಶದ ಸ್ಮಾರ್ಟ್‌ಫೋನ್ ರಫ್ತು ಸುಮಾರು 2,400 ಕೋಟಿ ಡಾಲರ್. ಬೇರೆ ಹಲವು ವಲಯಗಳಲ್ಲಿ ಇದೇ ಯೋಜನೆ ತೆವಳುತ್ತಿದೆ. ಫೋನಿನ ಒಳಗಿನ ಬಹಳಷ್ಟು ಭಾಗ ಇನ್ನೂ ಹೊರಗಿನದೇ, ನಮ್ಮ ಪಾಲು ತೆಳು ಎಂಬ, ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ ಅವರ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ಯೋಜನೆಯಲ್ಲಿ ಹಳೆಯ ಲೈಸೆನ್ಸ್ ಕಾಲದಲ್ಲಿ ಇಲ್ಲದ ಎರಡು ಗುಣ ಇವೆ: ಗುರಿ ಮುಟ್ಟಿದ ಮೇಲೆ ಹಣ, ಮತ್ತು ಇಂತಿಷ್ಟು ವರ್ಷಕ್ಕೆ ಮುಗಿಯುತ್ತದೆ ಎಂಬ ಗಡುವು. 2024ರಲ್ಲಿ ಮೊಬೈಲಿನ ಹಲವು ಬಿಡಿಭಾಗಗಳ ಸುಂಕವನ್ನು 15ರಿಂದ 10ಕ್ಕೆ ಇಳಿಸಿದರು. ಬಿಡಿಭಾಗದ ಸುಂಕ ಜೋಡಿಸುವವನ ಮೇಲಿನ ತೆರಿಗೆ ಎಂಬುದು ತಡವಾಗಿಯಾದರೂ ದೆಹಲಿಗೆ ಅರ್ಥವಾದಂತಿದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸುಂಕ ನಾಳೆಯೇ ತೆಗೆಯಿರಿ ಅನ್ನುವುದು ತಪ್ಪು, ಇನ್ನೂ ಏರಿಸಿ ಅನ್ನುವುದು ಹೆಚ್ಚು ತಪ್ಪು. ಇದು ನನ್ನ ಅಭಿಪ್ರಾಯ, ಒಪ್ಪದ ಅರ್ಥಶಾಸ್ತ್ರಜ್ಞರು ಎರಡೂ ಕಡೆ ಇದ್ದಾರೆ. ನಿಮ್ಮಣ್ಣ ಕೇಳಬೇಕಾದದ್ದು ಈಗಿರುವ ಸುಂಕಕ್ಕೆ ಮೊದಲೇ ಸಾರಿದ ಗಡುವು, ವರ್ಷಕ್ಕಿಷ್ಟರಂತೆ ಇಳಿಯುವ ಮೆಟ್ಟಿಲು, ಅಷ್ಟರೊಳಗೆ ತಮ್ಮ ಹೋಬಳಿಗೆ ದ್ವಿತಳಿ ಚಾಕಿ ಮತ್ತು ಹತ್ತಿರದಲ್ಲೇ ಯಂತ್ರದ ರೀಲಿಂಗ್ ಘಟಕ. ನೀವು ಮಾಡಬೇಕಾದದ್ದಕ್ಕೆ ಹೊಸ ಕಾನೂನೇ ಬೇಡ. ಹೊರದೇಶಕ್ಕೆ ಕಳಿಸುವ ಬಟ್ಟೆಗೆ ಬೇಕಾದ ನೂಲನ್ನು ಸುಂಕವಿಲ್ಲದೆ ತರಲು ಅಡ್ವಾನ್ಸ್ ಆಥರೈಸೇಶನ್ ಇದೆ, ಕಟ್ಟಿದ ಸುಂಕ ವಾಪಸ್ ಪಡೆಯಲು ಡ್ರಾಬ್ಯಾಕ್ ಇದೆ. ಇವೆರಡನ್ನೂ ವಿಶ್ವ ವ್ಯಾಪಾರ ಸಂಸ್ಥೆ ಒಪ್ಪುತ್ತದೆ. ಎಂಟು ಮಗ್ಗದವರೊಬ್ಬರಿಗೆ ಆ ಕಾಗದಪತ್ರದ ಓಡಾಟ ಕಷ್ಟ, ನಿಜ. ನಿಮ್ಮ ಬೀದಿಯ ಹತ್ತು ಹದಿನೈದು ಮಗ್ಗದವರು ಸೇರಿ ಒಬ್ಬ ರಫ್ತುದಾರನ ಹೆಸರಿನಲ್ಲಿ ಮಾಡಿದರೆ ಸಾಧ್ಯ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ ನೋಡಿ. ಅಣ್ಣ ಒಂದು ಬೆಳೆ ದ್ವಿತಳಿ ಗೂಡು ಬೆಳೆಯಲಿ. ಅದನ್ನು ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಯಂತ್ರದಲ್ಲಿ ಬಿಚ್ಚಿಸಿ, ನಿಮ್ಮ ಎಂಟರಲ್ಲಿ ಒಂದು ಮಗ್ಗಕ್ಕೆ ಹಾಸು ಹಾಕಿ. ಪಕ್ಕದ ಮಗ್ಗದಲ್ಲಿ ಚೀನಾ ನೂಲು ಓಡಲಿ. ದಿನಕ್ಕೆ ಯಾವುದರಲ್ಲಿ ಎಷ್ಟು ಸಲ ಎಳೆ ತುಂಡಾಯಿತು ಎಂದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ ಬನ್ನಿ. ಮುಂದಿನ ಹಬ್ಬದ ವಾದಕ್ಕೆ ಆ ಗೀಟುಗಳನ್ನು ಎಣಿಸಿ ನನಗೂ ಬರೆಯಿರಿ.